ಲಾರಿಯ ಯೂರಿಯಾ ಟ್ಯಾಂಕ್: ಚಾಲಕರ ಸಂಕಟವೇನು, ಕಿತ್ತುಹಾಕಿದರೆ ಆಗುವುದೇನು?

ಕಲಬುರಗಿ ಜಿಲ್ಲೆಯ ವಾಡಿ, ಶಹಾಬಾದ, ಚಿತ್ತಾಪುರ, ಸೇಡಂ, ಚಿಂಚೋಳಿ ಪ್ರದೇಶ ಸುಣ್ಣದ ಕಲ್ಲಿನ ನಾಡು. ವಾಡಿಯಲ್ಲಿ 1968ರಿಂದ ಸಿಮೆಂಟ್ ಕಾರ್ಖಾನೆಯಿದೆ. ಮಳಖೇಡ, ಸೇಡಂ ಸುತ್ತಮುತ್ತಲೂ ದೊಡ್ಡ ಕಾರ್ಖಾನೆಗಳಿವೆ. ಶಹಾಬಾದಿನ ಕಲ್ಲು ನಾಡಿನ ಎಷ್ಟೋ ಮನೆಗಳ ನೆಲಕ್ಕೆ ಹಾಸಾಗಿದೆ. ಈ ಸಿಮೆಂಟು, ಕಲ್ಲು ಹೊತ್ತ ಲಾರಿಗಳು ಗುಂಡಗುರ್ತಿಯಂಥ ಊರುಗಳಿರುವ ಈ ಸೀಮೆಯ ರಸ್ತೆಗಳಲ್ಲಿ ಹಗಲು ರಾತ್ರಿ ಓಡುತ್ತವೆ. ಈ ಲಾರಿಗಳ ಚಾಲಕರಿಗೂ ಮಾಲೀಕರಿಗೂ ಕೆಲವು ವರ್ಷಗಳಿಂದ ಒಂದು ಹೊಸ ತಲೆನೋವು ಶುರುವಾಗಿದೆ. ಅದು ಹೊಗೆ ಶುದ್ಧಗೊಳಿಸುವ ವ್ಯವಸ್ಥೆ.

ಇದು ಲಾರಿಯವರ ವಿಷಯ, ನಮಗೇಕೆ ಎಂದು ಓದುಗರು ಕೇಳಬಹುದು. 2020ರ ನಂತರ ನಮ್ಮ ಶಾಲೆಗಳು ಖರೀದಿಸಿದ ದೊಡ್ಡ ಡೀಸೆಲ್ ಬಸ್ಸುಗಳಲ್ಲೂ ಬಹುತೇಕ ಇದೇ ವ್ಯವಸ್ಥೆ ಇದೆ. ನಮ್ಮ ಅನೇಕ ಕುಟುಂಬಗಳ ಅನ್ನವೂ ಸ್ಟಿಯರಿಂಗ್ ಹಿಡಿದೇ ಬರುತ್ತದೆ. ಆದುದರಿಂದ ವಿಷಯವನ್ನು ಸರಿಯಾಗಿ ತಿಳಿದುಕೊಳ್ಳುವುದು ಒಳ್ಳೆಯದು.

ವ್ಯವಸ್ಥೆ ಕೆಲಸ ಮಾಡುವ ಬಗೆ

2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಬಿಎಸ್-6 ನಿಯಮ ಜಾರಿಗೆ ಬಂತು. ಡೀಸೆಲ್‌ನಲ್ಲಿರುವ ಗಂಧಕದ ಪ್ರಮಾಣ ಹತ್ತು ಲಕ್ಷ ಭಾಗಕ್ಕೆ 50 ಇದ್ದುದು 10ಕ್ಕೆ ಇಳಿಯಿತು. ಭಾರಿ ವಾಹನಗಳ ಎಂಜಿನ್ ಒಂದು ಕಿಲೋವ್ಯಾಟ್-ಗಂಟೆಯಷ್ಟು ಕೆಲಸ ಮಾಡುವಾಗ ಬಿಡಬಹುದಾದ ನೈಟ್ರೋಜನ್ ಆಕ್ಸೈಡ್ ಬಿಎಸ್-4ರಲ್ಲಿ 3.5 ಗ್ರಾಂ ಇತ್ತು. ಬಿಎಸ್-6ರಲ್ಲಿ ಅದು 0.5 ಗ್ರಾಂಗಿಂತಲೂ ಕಡಿಮೆ.

ಇದಕ್ಕಾಗಿ ಎಂಜಿನ್ ಮತ್ತು ಸೈಲೆನ್ಸರ್ ನಡುವೆ ಎರಡು ಮುಖ್ಯ ಭಾಗಗಳು ಸೇರಿಕೊಂಡವು. ಮೊದಲನೆಯದು ಡಿಪಿಎಫ್ ಎಂಬ ಜಾಲರಿ. ಇದು ಹೊಗೆಯ ಕಪ್ಪು ಮಸಿಯನ್ನು ಹಿಡಿದಿಟ್ಟು, ಆಗಾಗ ಹೆಚ್ಚಿನ ಶಾಖದಲ್ಲಿ ಸುಟ್ಟು ಬೂದಿ ಮಾಡುತ್ತದೆ. ಎರಡನೆಯದು ಎಸ್‌ಸಿಆರ್. ಇಲ್ಲಿ ಡಿಇಎಫ್ ಎಂಬ ದ್ರವವನ್ನು ಬಿಸಿ ಹೊಗೆಯ ಮೇಲೆ ಸಿಂಪಡಿಸಲಾಗುತ್ತದೆ. ಚಾಲಕರು ಇದನ್ನು ಸುಮ್ಮನೆ ‘ಯೂರಿಯಾ’ ಎನ್ನುತ್ತಾರೆ. ಇದರಲ್ಲಿ ಶೇಕಡಾ 32.5ರಷ್ಟು ಶುದ್ಧ ಯೂರಿಯಾ, ಉಳಿದದ್ದು ಖನಿಜರಹಿತ ನೀರು. ಬಿಸಿಗೆ ಅದು ಅಮೋನಿಯಾ ಆಗಿ, ವಿಷಾನಿಲವನ್ನು ನಿರುಪದ್ರವಿ ಸಾರಜನಕ ಮತ್ತು ನೀರಾವಿಯಾಗಿ ಬದಲಿಸುತ್ತದೆ.

ದ್ರವ ಮುಗಿದರೆ, ಕೆಟ್ಟದ್ದನ್ನು ತುಂಬಿದರೆ ಅಥವಾ ಸೆನ್ಸರ್ ಕೆಟ್ಟರೆ ಲಾರಿಯ ಕಂಪ್ಯೂಟರ್ ಮೊದಲು ದೀಪ ಹೊತ್ತಿಸಿ ಎಚ್ಚರಿಸುತ್ತದೆ. ಕೇಳದಿದ್ದರೆ ಎಂಜಿನ್ನಿನ ಎಳೆತ ಕಡಿಮೆ ಮಾಡುತ್ತದೆ. ಕೊನೆಗೆ ಲಾರಿ ತೆವಳುವ ಸ್ಥಿತಿಗೆ ಬರುತ್ತದೆ.

ಚಾಲಕರ ದೂರು ಸುಳ್ಳಲ್ಲ

ಮಸಿ ಸುಡಬೇಕಾದರೆ ಹೊಗೆಯ ಶಾಖ ಸುಮಾರು 600 ಡಿಗ್ರಿಯವರೆಗೆ ಏರಬೇಕು. ಹೆದ್ದಾರಿಯಲ್ಲಿ ಭಾರ ಹೊತ್ತು ಒಂದೇ ಸಮನೆ ಓಡುವ ಲಾರಿಗೆ ಇದು ಸುಲಭ. ಆದರೆ ಕಾರ್ಖಾನೆಯ ಗೇಟಿನ ಮುಂದೆ ಸಾಲಿನಲ್ಲಿ ಎಂಜಿನ್ ಚಾಲೂ ಇಟ್ಟು ಗಂಟೆಗಟ್ಟಲೆ ನಿಲ್ಲುವ, ಗಣಿಯಿಂದ ಕಾರ್ಖಾನೆಗೆ ನಾಲ್ಕಾರು ಮೈಲಿ ಮಾತ್ರ ಓಡುವ ಲಾರಿಯಲ್ಲಿ ಆ ಶಾಖ ಹುಟ್ಟುವುದಿಲ್ಲ. ಜಾಲರಿ ಮಸಿಯಿಂದ ಕಟ್ಟಿಕೊಳ್ಳುತ್ತದೆ.

ಇನ್ನೊಂದು ಕಷ್ಟ ಬಿಸಿಲಿನದು. ಕಲಬುರಗಿಯ ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ಮಾಮೂಲು. ಡಿಇಎಫ್ ದ್ರವ 30 ಡಿಗ್ರಿಯೊಳಗೆ ಇಟ್ಟರೆ ಸುಮಾರು ಒಂದು ವರ್ಷ ಬಾಳುತ್ತದೆ. ಅದಕ್ಕಿಂತ ಬಿಸಿಯಾದಲ್ಲಿ ಬೇಗ ಕೆಡುತ್ತದೆ. ತಗಡಿನ ಅಂಗಡಿಯಲ್ಲಿ ಅಥವಾ ಲಾರಿಯ ಮೇಲೆ ಬಿಸಿಲಿಗೆ ಬಿದ್ದ ಕ್ಯಾನಿನ ಗತಿ ಊಹಿಸಬಹುದು. ಸೆನ್ಸರ್ ಕೆಟ್ಟರೆ ಹಳ್ಳಿಯ ಮೆಕ್ಯಾನಿಕ್ ಬಳಿ ಪರೀಕ್ಷಿಸುವ ಯಂತ್ರವಿರುವುದಿಲ್ಲ. ಲಾರಿಯನ್ನು ನಗರದ ಸರ್ವಿಸ್ ಸೆಂಟರಿಗೆ ಒಯ್ಯಬೇಕು. ಅಷ್ಟು ದಿನ ಬಾಡಿಗೆ ಇಲ್ಲ, ಬ್ಯಾಂಕಿನ ಕಂತು ಮಾತ್ರ ನಿಲ್ಲುವುದಿಲ್ಲ. ಘಾಟಿಯ ಏರಿನಲ್ಲಿ ಎಂಜಿನ್ ಶಕ್ತಿ ಕುಂದಿದರೆ ಜೀವಕ್ಕೂ ಅಪಾಯ.

ಅಡ್ಡದಾರಿಗಳು

ಈ ಬೇಸರದಲ್ಲೇ ಅಡ್ಡದಾರಿ ಹುಟ್ಟುತ್ತದೆ. ವೈರಿಂಗಿಗೆ ಒಂದು ಚಿಕ್ಕ ಪೆಟ್ಟಿಗೆ ಜೋಡಿಸಿದರೆ ಅದು ‘ದ್ರವ ಸರಿಯಾಗಿದೆ, ಅನಿಲ ಮಿತಿಯಲ್ಲಿದೆ’ ಎಂದು ಕಂಪ್ಯೂಟರಿಗೆ ಸುಳ್ಳು ಹೇಳುತ್ತಿರುತ್ತದೆ. ಕೆಲವರು ಎಂಜಿನ್ನಿನ ತಂತ್ರಾಂಶವನ್ನೇ ತಿದ್ದಿಸುತ್ತಾರೆ, ಜಾಲರಿ ಒಡೆದು ಟೊಳ್ಳು ಮಾಡಿಸುತ್ತಾರೆ.

ಇನ್ನೊಂದು ಅಡ್ಡದಾರಿ ಹೊಲದ ಯೂರಿಯಾವನ್ನು ಬೋರಿನ ನೀರಿಗೆ ಕಲಸಿ ತುಂಬುವುದು. 2015ರಿಂದ ದೇಶದಲ್ಲಿ ತಯಾರಾಗುವ ಕೃಷಿ ಯೂರಿಯಾಗೆ ಬೇವಿನೆಣ್ಣೆಯ ಲೇಪ ಕಡ್ಡಾಯ. ಆ ಎಣ್ಣೆ, ನೀರಿನ ಉಪ್ಪು ಎರಡೂ ಸೇರಿ ಸಿಂಪಡಿಸುವ ನಳಿಕೆಯನ್ನು ಕಟ್ಟಿಸಿ ದುಬಾರಿ ಎಸ್‌ಸಿಆರ್ ಭಾಗವನ್ನು ಹಾಳುಮಾಡುತ್ತವೆ. ಮೇಲಾಗಿ ಅದು ಸಬ್ಸಿಡಿಯ ಗೊಬ್ಬರ, ಬೇರೆ ಕೆಲಸಕ್ಕೆ ಬಳಸುವುದು ಅಪರಾಧ. 2025ರ ಮುಂಗಾರಿನಲ್ಲಿ ರಾಜ್ಯದ ಹಲವೆಡೆ ರೈತರು ಒಂದು ಚೀಲ ಯೂರಿಯಾಕ್ಕಾಗಿ ಸಾಲು ನಿಂತಿದ್ದನ್ನು ನಾವು ಮರೆಯಬಾರದು.

ಕಾಣದ ಹೊಗೆ

‘ನನ್ನ ಲಾರಿ ಕಪ್ಪು ಹೊಗೆ ಬಿಡುವುದಿಲ್ಲ, ಎಮಿಷನ್ ಸರ್ಟಿಫಿಕೇಟೂ ಇದೆ’ ಎಂದು ಹೇಳುವವರಿದ್ದಾರೆ. ಆದರೆ ಡೀಸೆಲ್ ವಾಹನದ ಎಮಿಷನ್ ಪರೀಕ್ಷೆ ಅಳೆಯುವುದು ಹೊಗೆಯ ಕಪ್ಪನ್ನು ಮಾತ್ರ, ನೈಟ್ರೋಜನ್ ಆಕ್ಸೈಡನ್ನಲ್ಲ. ಎಸ್‌ಸಿಆರ್ ನಿಲ್ಲಿಸಿದ ಲಾರಿಯೂ ಆ ಪರೀಕ್ಷೆಯಲ್ಲಿ ಪಾಸಾಗಬಹುದು. ಆದರೆ ಅನಿಲ ಮಾತ್ರ ಹಲವು ಪಟ್ಟು ಹೆಚ್ಚಾಗಿರುತ್ತದೆ. ಅದು ಶ್ವಾಸನಾಳವನ್ನು ಕೆರಳಿಸುತ್ತದೆ, ಆಸ್ತಮಾ ಉಲ್ಬಣಗೊಳಿಸುತ್ತದೆ, ಬಿಸಿಲಿನಲ್ಲಿ ಓಝೋನ್ ಆಗಿ ಮತ್ತೆ ಕಾಡುತ್ತದೆ. ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 2012ರಲ್ಲೇ ಘೋಷಿಸಿದೆ. ಇದನ್ನು ಮೊದಲು ಉಸಿರಾಡುವವರು ಗೇಟಿನ ಸಾಲಿನಲ್ಲಿ ನಿಂತ ಚಾಲಕ, ಕ್ಲೀನರ್, ಚಹಾದಂಗಡಿಯವರು ಮತ್ತು ರಸ್ತೆ ಬದಿಯ ಶಾಲೆಯ ಮಕ್ಕಳು. ಮೊದಲೇ ಕಲ್ಲಿನ ಧೂಳು ಕುಡಿದ ಶ್ವಾಸಕೋಶಗಳಿಗೆ ಇದು ಇನ್ನೊಂದು ಹೊರೆ.

ಕಾನೂನೂ ಕಠಿಣವಾಗಿದೆ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯಂತೆ ಅನುಮತಿಯಿಲ್ಲದೆ ವಾಹನ ಮಾರ್ಪಡಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ವಾಯುಮಾಲಿನ್ಯ ಮಿತಿ ಮೀರಿದರೆ 10,000 ರೂಪಾಯಿವರೆಗೆ ದಂಡವಿದೆ. ಕಂಪನಿಯ ವಾರಂಟಿಯೂ ಕೈತಪ್ಪುತ್ತದೆ.

ಬೇರೆಡೆ ಏನಾಯಿತು?

ಅಮೆರಿಕದಲ್ಲೂ ಇದೇ ಜಗಳ. ಹೊಗೆ ಪರೀಕ್ಷೆಯನ್ನು ವಂಚಿಸುವ ತಂತ್ರಾಂಶ ಅಳವಡಿಸಿದ ಆರೋಪಕ್ಕಾಗಿ ಕಮಿನ್ಸ್ ಕಂಪನಿ 160 ಕೋಟಿ ಡಾಲರಿಗೂ ಹೆಚ್ಚು ದಂಡ ತೆರಲು 2023ರ ಡಿಸೆಂಬರಿನಲ್ಲಿ ಒಪ್ಪಿತು. ಇನ್ನೊಂದೆಡೆ, ದ್ರವದ ದೋಷಕ್ಕೆ ಲಾರಿ ಏಕಾಏಕಿ ಶಕ್ತಿ ಕಳೆದುಕೊಳ್ಳದಂತೆ ತಂತ್ರಾಂಶ ಬದಲಿಸಿರೆಂದು ಅಲ್ಲಿನ ಪರಿಸರ ಸಂಸ್ಥೆ 2025ರ ಆಗಸ್ಟಿನಲ್ಲಿ ತಯಾರಕರಿಗೆ ಸೂಚಿಸಿತು. ಅಂದರೆ ಚಾಲಕರ ದೂರಿಗೆ ಕಿವಿಗೊಡಲು ದಾರಿಯಿದೆ. ನಮ್ಮಲ್ಲೂ ಲಾರಿ ಮಾಲೀಕರ ಸಂಘಗಳು ತಾಲ್ಲೂಕು ಮಟ್ಟದಲ್ಲಿ ಸರ್ವಿಸ್ ಸೌಲಭ್ಯ, ಗೇಟಿನಲ್ಲಿ ಟೋಕನ್ ವ್ಯವಸ್ಥೆ, ನಕಲಿ ದ್ರವದ ಮೇಲೆ ದಾಳಿ ಬೇಕೆಂದು ಒಟ್ಟಾಗಿ ಕೇಳಬೇಕು.

ಚಾಲಕರೂ ಶಾಲಾ ಬಸ್ಸಿನ ಉಸ್ತುವಾರಿಯವರೂ ಗಮನಿಸಬೇಕಾದದ್ದು

1. ಸೀಲ್ ಇರುವ, ತಯಾರಿಕೆಯ ದಿನಾಂಕವಿರುವ ಡಿಇಎಫ್ ಮಾತ್ರ ಕೊಳ್ಳಿರಿ. ಬಿಲ್ಲು ಇಟ್ಟುಕೊಳ್ಳಿರಿ.
2. ಕ್ಯಾನನ್ನು ನೆರಳಿನಲ್ಲಿಡಿ. ಡೀಸೆಲ್ ತುಂಬಿದ ಕೊಳವೆ, ಪಾತ್ರೆಗಳನ್ನು ಇದಕ್ಕೆ ಬಳಸಬೇಡಿ.
3. ಮಸಿ ಸುಡುವ ದೀಪ ಹೊತ್ತಿದಾಗ ಎಂಜಿನ್ ಆರಿಸದೆ ಆ ಕೆಲಸ ಮುಗಿಯಲು ಬಿಡಿ. ಆಗ ಒಣಹುಲ್ಲಿನ ಮೇಲೆ ನಿಲ್ಲಿಸಬೇಡಿ.
4. ಸಾಲು ಉದ್ದವಿದ್ದರೆ ಎಂಜಿನ್ ಆರಿಸಿರಿ.
5. ಹಳೆಯ ವಾಹನ ಕೊಳ್ಳುವ ಮುನ್ನ ಈ ವ್ಯವಸ್ಥೆ ನಿಜವಾಗಿ ಕೆಲಸ ಮಾಡುತ್ತಿದೆಯೇ ಎಂದು ಸರ್ವಿಸ್ ಸೆಂಟರಿನಲ್ಲಿ ಪರೀಕ್ಷಿಸಿರಿ.

ಮಾಲೀಕರಲ್ಲಿ ನಮ್ಮದೊಂದು ಮಾತು. ಸೆನ್ಸರ್ ಕೆಟ್ಟ ದಿನದ ನಷ್ಟವನ್ನು ಚಾಲಕನ ಭತ್ಯೆಯಿಂದ ಕಡಿಯಬೇಡಿ. ಸಂಬಳ ಕಳೆದುಕೊಳ್ಳುವ ಭಯವೇ ಅನೇಕರನ್ನು ಆ ಚಿಕ್ಕ ಪೆಟ್ಟಿಗೆಯ ಬಳಿಗೆ ಒಯ್ಯುತ್ತದೆ. ಪರೀಕ್ಷೆ ಹಿಡಿಯಲಾರದ ತಪ್ಪನ್ನು ತಡೆಯಬಲ್ಲವರು ಲಾರಿಯ ಕೀಲಿ ಕೈಯಲ್ಲಿರುವವರು ಮತ್ತು ಅವರಿಗೆ ಸಂಬಳ ಕೊಡುವವರು ಮಾತ್ರ.