ಹೆಳವರ ಹೊತ್ತಿಗೆ, ಅಜ್ಜಿಯ ಟ್ರಂಕು
ನಿಮ್ಮ ಮುತ್ತಜ್ಜನ ಅಪ್ಪನ ಹೆಸರೇನು? ಉತ್ತರ ಕರ್ನಾಟಕದಲ್ಲಿ ಇದನ್ನು ಹೇಳುವವರು ಹೆಳವರು. ಸುಗ್ಗಿ ಮುಗಿದ ಮೇಲೆ ಮನೆ ಮುಂದೆ ನಿಂತು, ಮನೆತನದ ಮೂಲ, ವಲಸೆ ಬಂದ ಊರು, ಹಿರಿಯರ ಹೆಸರು ಎಲ್ಲವನ್ನೂ ಹೊಗಳಿ ಹೇಳುತ್ತಾರೆ. ಹೊಸದಾಗಿ ಹುಟ್ಟಿದ ಮಗುವಿನ ಹೆಸರನ್ನೂ ತಮ್ಮ ವಂಶಾವಳಿಯ ಹೊತ್ತಿಗೆಗೆ ಸೇರಿಸಿ, ಕಾಳುಕಡಿ ಪಡೆದು ಮುಂದಿನೂರಿಗೆ ಹೊರಡುತ್ತಾರೆ. ಎಂಥ ದೊಡ್ಡ ಕೆಲಸ!

ಹೆಳವರ ಹೊತ್ತಿಗೆಯಂತೆ ಹಳೆಯ ಫೋಟೊಗಳೂ ನೆನಪನ್ನು ಉಳಿಸುತ್ತವೆ, ಗುರುತು ಇದ್ದರೆ ಮಾತ್ರ. ನಮ್ಮ ಎಮ್ಮಿಗನೂರಿಗೆ ಹಂಪಿ ದೂರವೇನಲ್ಲ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಅಲ್ಲಿ ಫೋಟೊ ತೆಗೆದರು. 1983ರಲ್ಲಿ ಜಾನ್ ಗೋಲಿಂಗ್ಸ್ ಅವೇ ಜಾಗಗಳಲ್ಲಿ ನಿಂತು ಮತ್ತೆ ತೆಗೆದರು. ಜಾಗದ ಗುರುತು ಸಿಕ್ಕಿದ್ದರಿಂದಲೇ ಅದು ಸಾಧ್ಯವಾಯಿತು.

ನಮ್ಮ ಅಜ್ಜಿಯರ ಟ್ರಂಕಿನ ಫೋಟೊಗಳಿಗೆ ಆ ಗುರುತೂ ಇಲ್ಲ. ಹಿಂಬದಿಯಲ್ಲಿ ಪೆನ್ಸಿಲ್‌ನಿಂದ ಮೆಲ್ಲಗೆ ಹೆಸರು, ಊರು, ವರ್ಷ ಬರೆಯಿರಿ. ಹಬ್ಬಕ್ಕೆ ಊರಿಗೆ ಬಂದಾಗ, ಮೊಬೈಲಿನಲ್ಲಿ ರೆಕಾರ್ಡಿಂಗ್ ಹಾಕಿ ಕೇಳಿ: “ಅಜ್ಜೀ, ಈ ಫೋಟೊದಾಗ ಇರೋರು ಯಾರು?”