ಉಟಾಕ್ಸಿಟರ್ ಸಂತೆಯಲ್ಲಿ ಡಾ. ಜಾನ್ಸನ್

ಯೌವನದಲ್ಲಿ ತಂದೆಯ ಮಾತನ್ನು ಮೀರಿದವರು ಲೋಕದಲ್ಲಿ ಅಸಂಖ್ಯರು. ಆ ಒಂದು ಮಾತಿಗಾಗಿ ಸುಮಾರು ಅರ್ಧ ಶತಮಾನದ ತರುವಾಯ ಸಂತೆಯ ಬಯಲಿನಲ್ಲಿ ಬರಿದಲೆಯಿಂದ ನಿಂತು ಮಳೆಗೆ ಮೈಯೊಡ್ಡಿದವರು ವಿರಳ. ಆಂಗ್ಲ ನಿಘಂಟುಕಾರ ಡಾ. ಸ್ಯಾಮ್ಯುಯೆಲ್ ಜಾನ್ಸನ್ ಅಂತಹವನೊಬ್ಬ.

ಅವನು 1709ರಲ್ಲಿ ಲಿಚ್‌ಫೀಲ್ಡ್ ಪಟ್ಟಣದಲ್ಲಿ ಜನಿಸಿದನು. ತಂದೆ ಮೈಕೇಲ್ ಪುಸ್ತಕವ್ಯಾಪಾರಿ; ನೆರೆಯೂರುಗಳ ಸಂತೆಗಳಲ್ಲಿಯೂ ಅಂಗಡಿ ಹೂಡುತ್ತಿದ್ದನು. 1728ರಲ್ಲಿ ಆಕ್ಸ್‌ಫರ್ಡ್ ಸೇರಿದ ಮಗನು ಹಣದ ಅಭಾವದಿಂದ ಸುಮಾರು 13 ತಿಂಗಳಲ್ಲಿಯೇ ಪದವಿಯಿಲ್ಲದೆ ಹಿಂದಿರುಗಬೇಕಾಯಿತು. ಅಲ್ಲಿ ಅವನ ಹರಿದ ಪಾದರಕ್ಷೆಗಳನ್ನು ಕಂಡು ಮರುಗಿದ ಯಾರೋ ಹೊಸ ಜೋಡೊಂದನ್ನು ಬಾಗಿಲಲ್ಲಿರಿಸಿದಾಗ ಅವನು ಅದನ್ನು ಕೋಪದಿಂದ ಎಸೆದುಬಿಟ್ಟನಂತೆ. ಬಡತನವೂ ಅಭಿಮಾನವೂ ಹೀಗೆ ಒಟ್ಟಿಗಿದ್ದಾಗ ಮೊದಲು ನೋಯುವವರು ಮನೆಯವರೇ. ಉಟಾಕ್ಸಿಟರ್ ಸಂತೆಗೆ ಜೊತೆಯಲ್ಲಿ ಬರಲು ತಂದೆ ಒಮ್ಮೆ ಕರೆದಾಗ ಮಗನು ಒಲ್ಲೆನೆಂದನು. ಓದಿದ ಮಗನಿಗೆ ಹೆತ್ತವರ ಕಸುಬು ನಾಚಿಕೆಯೆನಿಸುವುದು ಹಳ್ಳಿಯ ಮಕ್ಕಳನ್ನು ಬಲ್ಲ ಯಾವ ಅಧ್ಯಾಪಕನಿಗೂ ಹೊಸ ಸಂಗತಿಯಲ್ಲ.

1731ರ ಡಿಸೆಂಬರಿನಲ್ಲಿ ಮೈಕೇಲ್ ತೀರಿಕೊಂಡನು.

ದೊಡ್ಡ ಜಗಳಗಳಿಗೆ ಎರಡು ಪಕ್ಷಗಳಿರುತ್ತವೆ. ಕಾಲಾಂತರದಲ್ಲಿ ಮನಸ್ಸು ತನ್ನ ಪಕ್ಷದ ನ್ಯಾಯವನ್ನು ಹೇಗೋ ಹುಡುಕಿಕೊಳ್ಳುತ್ತದೆ. ಇಂತಹ ಸಣ್ಣ ನಿರಾಕರಣೆಗೆ ಸಮರ್ಥನೆಯೇ ಇಲ್ಲ. ಕೇಳಿದ್ದು ಒಂದು ದಿನದ ನೆರವು. 'ಹೋಗಲಿ ಬಿಡು' ಎನ್ನಬಲ್ಲ ಒಂದೇ ಬಾಯಿ ಮುಚ್ಚಿದ ಮೇಲೆ ಅದು ಒಳಗೇ ಉಳಿಯುತ್ತದೆ. ಪುಸ್ತಕ ಮಾರಲು ನಾಚಿದವನು ಬದುಕಿದ್ದೂ ಪುಸ್ತಕಗಳಿಂದಲೇ. 1755ರಲ್ಲಿ ಹೊರಬಂದ ಮಹಾನಿಘಂಟು ಅವನನ್ನು ಅಮರನನ್ನಾಗಿಸಿತು.

ಆದರೂ ಪಶ್ಚಾತ್ತಾಪವು ಮನುಷ್ಯನನ್ನು ಕೂಡಲೇ ತಿದ್ದುವುದಿಲ್ಲ. ಲಂಡನ್ನಿನಲ್ಲಿ ನೆಲೆಸಿದ ಜಾನ್ಸನ್ ವೃದ್ಧ ತಾಯಿಯನ್ನು ಹಲವು ವರ್ಷ ಕಾಣಲು ಹೋಗಲಿಲ್ಲ. 1759ರ ಜನವರಿಯಲ್ಲಿ ಆಕೆ ಅಸುನೀಗಿದಾಗಲೂ ಬಳಿಯಲ್ಲಿರಲಿಲ್ಲ. ಉತ್ತರಕ್ರಿಯೆಯ ವೆಚ್ಚಕ್ಕಾಗಿ ಒಂದೇ ವಾರದ ಸಂಜೆಗಳಲ್ಲಿ 'ರಾಸೆಲಾಸ್' ಎಂಬ ಕಥೆಯನ್ನು ಬರೆದುಕೊಟ್ಟನೆಂದು ಅವನ ಚರಿತ್ರಕಾರ ಬಾಸ್‌ವೆಲ್ ದಾಖಲಿಸಿದ್ದಾನೆ. ಹಣ ಬಂತು, ಮಗ ಬರಲಿಲ್ಲ.

ಮುಪ್ಪಿನಲ್ಲಿ ಒಂದು ದಿನ ಅವನು ಉಟಾಕ್ಸಿಟರಿಗೆ ಹೋದನು. ಹವೆ ತೀರ ಕೆಟ್ಟಿತ್ತು. ತಂದೆಯ ಅಂಗಡಿಯಿದ್ದ ಜಾಗದಲ್ಲಿ, ಸುರಿವ ಮಳೆಯಲ್ಲಿ, ಟೋಪಿ ತೆಗೆದು ಬಹಳ ಹೊತ್ತು ನಿಂತನು. ತನ್ನ ನಿರಾಕರಣೆಗೆ ಅಹಂಕಾರವೇ ಮೂಲವೆಂದೂ, ಈ ಪ್ರಾಯಶ್ಚಿತ್ತ ಫಲಿಸಿರಬಹುದೆಂಬ ಆಸೆಯಿದೆಯೆಂದೂ ಅವನು ತನ್ನ ಕೊನೆಯ ವರ್ಷವಾದ 1784ರಲ್ಲಿ ಹುಟ್ಟೂರಿನ ಕಿರಿಯ ಪಾದ್ರಿಯೊಬ್ಬನಲ್ಲಿ ಹೇಳಿಕೊಂಡನು. ಫಲಿಸಿತೆಂದು ಹೇಳಲಿಲ್ಲ. ಮುಂದಿನವರು ಈ ಪ್ರಸಂಗಕ್ಕೆ ಬಣ್ಣ ಹಚ್ಚಿದ್ದುಂಟು. ಅವನ ಮಾತುಗಳು ಮಾತ್ರ ಇಷ್ಟೇ.

ಲಿಚ್‌ಫೀಲ್ಡಿನ ಪೇಟೆ ಚೌಕದಲ್ಲಿ 1838ರಲ್ಲಿ ಸ್ಥಾಪಿಸಿದ ಅವನ ಪ್ರತಿಮೆಯ ಪೀಠದ ಮೇಲೆ ಈ ದೃಶ್ಯವನ್ನು ಕೆತ್ತಲಾಗಿದೆ. ಮೈಕೇಲನ ಪುಸ್ತಕದಂಗಡಿಯಿದ್ದ ಮನೆ ಅಲ್ಲಿಂದ ಕೆಲವೇ ಹೆಜ್ಜೆ.