ಎಲ್ಲಾ ಆನ್‌ಲೈನ್ ಆದರೆ ಅಲೆದಾಟ ತಪ್ಪುತ್ತಾ? ಪಹಣಿ ಹೇಳುವ ಸತ್ಯ

“ಎಲ್ಲಾ ಕಂಪ್ಯೂಟರ್ ಮಾಡಿಬಿಟ್ಟರೆ ಕಚೇರಿ ಅಲೆದಾಟ ತಪ್ಪುತ್ತೆ” ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ಕೆಲಸ ಆಗದಿದ್ದಾಗ ಸಿಗುವ ಉತ್ತರವೂ ಒಂದೇ: “ಸರ್ವರ್ ಡೌನ್”. ಎರಡೂ ಅರ್ಧ ಸತ್ಯ.

ನಡೆದದ್ದೇನು?

ಶಹಾಪುರದ ಹತ್ತಿರದ ವನದುರ್ಗ ಇವತ್ತು ಯಾದಗಿರಿ ಜಿಲ್ಲೆಯಲ್ಲಿದೆ. 1991ರಲ್ಲಿ ಈ ಭಾಗವೆಲ್ಲ ಗುಲ್ಬರ್ಗ ಜಿಲ್ಲೆಗೆ ಸೇರಿತ್ತು. ಭೂದಾಖಲೆಗಳನ್ನು ಕಂಪ್ಯೂಟರಿಗೆ ಹಾಕುವ ರಾಜ್ಯದ ಮೊದಲ ಪ್ರಯೋಗ ಶುರುವಾದದ್ದು ಆ ವರ್ಷ, ಅದೇ ಜಿಲ್ಲೆಯಲ್ಲಿ. ಹಣ ಕೇಂದ್ರ ಸರ್ಕಾರದ್ದು. 1996ರ ಹೊತ್ತಿಗೆ ಎಲ್ಲ ಜಿಲ್ಲೆಗಳಿಗೂ ಯೋಜನೆ ಮಂಜೂರಾಯಿತು. ಆದರೆ 1998 ಮುಗಿದರೂ ಕೆಲಸ ಮುಂದೆ ಸಾಗಲಿಲ್ಲ.

ಕಾರಣ ಯಂತ್ರ ಕೆಟ್ಟದ್ದಲ್ಲ. ಪಹಣಿ ತಿದ್ದುವುದು ತಾಲ್ಲೂಕು ಮಟ್ಟದಲ್ಲಿ. ಅಲ್ಲಿ ಕಂಪ್ಯೂಟರ್ ಇಡುವ ಏರ್ಪಾಡೇ ಯೋಜನೆಯಲ್ಲಿರಲಿಲ್ಲ. ಹೊಲ ಮಾರಿದರೂ, ಅಣ್ಣತಮ್ಮಂದಿರು ಪಾಲು ಮಾಡಿಕೊಂಡರೂ ಬದಲಾವಣೆ ಸೇರುವುದು ಕೈಬರಹದ ಪುಸ್ತಕಕ್ಕೆ. ಹೀಗಾದರೆ ಕಂಪ್ಯೂಟರಿನಲ್ಲಿ ಹಳೇ ಹೆಸರೇ ಉಳಿಯುತ್ತದೆ.

‘ಭೂಮಿ’ ಬದಲಿಸಿದ್ದೇನು?

ಆಮೇಲೆ ಬಂದ ‘ಭೂಮಿ’ ಯೋಜನೆ ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳನ್ನು ಕಂಪ್ಯೂಟರಿಗೆ ತಂದಿತು. ಅದಕ್ಕಿಂತ ಮುಖ್ಯವಾಗಿ, ಕೆಲಸ ಮಾಡುವ ರೀತಿಯನ್ನೇ ಬದಲಿಸಿತು:

• ತಾಲ್ಲೂಕು ಕಚೇರಿಯಲ್ಲೇ ಪಹಣಿ ಕೌಂಟರ್ ಬಂತು.
• ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ಎರಡು ಪುಸ್ತಕ ಇದ್ದರೆ ತಾನೇ ಗೊಂದಲ?
• ಖಾತೆ ಬದಲಾವಣೆ ಅರ್ಜಿಗೆ ಸರದಿ ನಿಯಮ ಬಂತು. ಮೊದಲು ಕೊಟ್ಟವರದ್ದು ಮೊದಲು.
• ತಿದ್ದುವ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕಾಯಿತು. ಯಾರು ತಿದ್ದಿದರೆಂಬುದು ದಾಖಲಾಯಿತು.

ಹಾಗಾದರೆ ಈಗೇಕೆ ತೊಂದರೆ?

ಪುಸ್ತಕದಲ್ಲಿದ್ದ ತಪ್ಪನ್ನೇ ಟೈಪ್ ಮಾಡಿದರೆ ಪರದೆಯ ಮೇಲೂ ತಪ್ಪೇ ಬರುತ್ತದೆ. ತೀರಿಹೋದ ತಾತನ ಹೆಸರಲ್ಲೇ ಇರುವ ಹೊಲ, ಆಧಾರ್‌ನಲ್ಲಿ ಒಂದು, ಪಹಣಿಯಲ್ಲಿ ಇನ್ನೊಂದು ಹೆಸರು: ಇದನ್ನು ಯಾವ ಸರ್ವರೂ ತಾನಾಗಿ ಸರಿಮಾಡುವುದಿಲ್ಲ. ಬೆಳೆ ಸಾಲ, ಬೆಳೆ ವಿಮೆ, ಪರಿಹಾರದ ಹಣ ಸಿಕ್ಕಿಬೀಳುವುದು ಇಲ್ಲೇ.

ನೀವೇನು ಮಾಡಬಹುದು?

1. ಸಾಲ, ವಿಮೆಯ ಹೊತ್ತು ಬರುವ ಮೊದಲೇ ಮೊಬೈಲಿನಲ್ಲಿ ‘ಭೂಮಿ’ ಜಾಲತಾಣ ತೆರೆದು ನಿಮ್ಮ ಪಹಣಿ ನೋಡಿ. ಹೆಸರು, ಸರ್ವೆ ನಂಬರ್, ವಿಸ್ತೀರ್ಣ, ಬೆಳೆ ತಾಳೆ ಹಾಕಿ.
2. ತಪ್ಪಿದ್ದರೆ ಬಾಯಿಮಾತಿನಲ್ಲಿ ಹೇಳಿ ಬರಬೇಡಿ. ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅದು ಸಕಾಲ ಸೇವೆಯಾದರೆ ಸಕಾಲ ಸಂಖ್ಯೆ ಕೇಳಿ.
3. “ಸರ್ವರ್ ಡೌನ್” ಅಂದರೆ ಇಷ್ಟು ಕೇಳಿ: “ಸರ್ವರ್ ಬಂದ ಮೇಲೆ ನನ್ನ ಅರ್ಜಿ ಯಾರ ಮುಂದೆ ಹೋಗುತ್ತೆ, ಎಷ್ಟು ದಿನದಲ್ಲಿ?”

ಈ ಪ್ರಶ್ನೆಗೆ ಉತ್ತರ ಸಿಗದಿದ್ದರೆ ತೊಂದರೆ ಇರುವುದು ಸರ್ವರಿನಲ್ಲಲ್ಲ.